ಉತಾರದಲ್ಲಿ ಹೆಸರಿಲ್ಲದ ರೈತರು: ಐದು ತಪ್ಪು ಕಲ್ಪನೆ, ಐದು ಸತ್ಯ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಗಳಿಗೆ ಯೋಜನೆಗಳು ಬರುತ್ತಲೇ ಇವೆ. ಬೀಜ, ಸಬ್ಸಿಡಿ, ಸಾಲ, ತರಬೇತಿ, ಯಾವುದಕ್ಕೂ ಕೊರತೆಯಿಲ್ಲ. ಅದರಲ್ಲಿ ಹೆಣ್ಣುಮಕ್ಕಳ ಪಾಲೆಷ್ಟು ಎಂದು ಕೇಳಿದರೆ ಮಾತ್ರ ಊರ ಕಟ್ಟೆಯಲ್ಲೂ ಕಚೇರಿಯಲ್ಲೂ ಅವೇ ಉತ್ತರಗಳು ಸಿಗುತ್ತವೆ. ಅವು ಎಷ್ಟು ನಿಜ?

ತಪ್ಪು ಕಲ್ಪನೆ 1: "ರೈತ ಅಂದ್ರ ಗಂಡಸು. ಹೆಂಗಸರು ಕೈಯಾಸರೆ, ಅಷ್ಟ."

ಸತ್ಯ: ಎರೆಹೊಲದ ಬಿತ್ತಿಗೆ ನೋಡಿ. ಕೂರಿಗೆ ಎಳೆಯುವುದು ಎತ್ತು, ಹಿಡಿಯುವುದು ಗಂಡಸು. ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುವುದು ಹೆಂಗಸಿನ ಕೈ. ಮುಷ್ಟಿ ಸಡಿಲಾದರೆ ಪೈರು ಒತ್ತಾಗುತ್ತದೆ, ಬಿಗಿಯಾದರೆ ಸಾಲು ಬರಿದಾಗುತ್ತದೆ. ಆಮೇಲೆ ಕಸ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಬೀಜ ಹಸನು ಮಾಡಿ ಕಾಯ್ದಿಡುವುದು ಎಲ್ಲ ಅವಳ ಪಾಲಿಗೇ. ಬೀದಿಗಿಳಿಯುವಾಗಲೂ ಅವಳು ಹಿಂದುಳಿಯಲಿಲ್ಲ: 2016ರಲ್ಲಿ ಮಹದಾಯಿ ನದಿ ನೀರಿನ ಹೋರಾಟದ ಹೊತ್ತಿಗೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಹೆಂಗಸರ ಮೈಮೇಲೂ ಬಿತ್ತು. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಶೇ 14ರಷ್ಟು ಮಾತ್ರ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಬಹುಮಟ್ಟಿಗೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. ಅಲ್ಲಿ ಹೆಸರಿಲ್ಲದವಳು ಎಷ್ಟು ದುಡಿದರೂ ಸರ್ಕಾರದ ಲೆಕ್ಕದಲ್ಲಿ ರೈತಳಲ್ಲ.

ತಪ್ಪು ಕಲ್ಪನೆ 2: "ಮದುವೆ ಮಾಡಿಕೊಟ್ಟ ಮಗಳಿಗೆ ಹೊಲದಾಗ ಪಾಲಿಲ್ಲ."

ಸತ್ಯ: ಈ ನಂಬಿಕೆಗೆ ಹಳೆಯ ಕಾನೂನಿನ ಬೇರಿದೆ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿಹಾಕಿತು. ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು; 2005ರ ಹೊತ್ತಿಗೆ ತಂದೆ ಬದುಕಿರಬೇಕೆಂದೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಮುಗಿದ ಪಾಲುಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. ಇಂದು ಮಗಳ ಪಾಲು ತಪ್ಪಿಹೋಗುವುದು ಕಾನೂನಿನಿಂದಲ್ಲ, ತವರು ಮುರಿದೀತು ಎಂಬ ಅಂಜಿಕೆಯಿಂದ ಅವಳು ಸಹಿ ಹಾಕುವ ಹಕ್ಕುಬಿಡುಗಡೆ ಪತ್ರದಿಂದ.

ತಪ್ಪು ಕಲ್ಪನೆ 3: "ಹೆಣ್ಣಾಳಿನ ಕೆಲಸ ಹಗುರ, ಪಗಾರನೂ ಕಡಿಮಿ."

ಸತ್ಯ: ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸಂಜೆತನಕ ಕುರ್ಪಿ ಆಡಿಸುವ ಕೆಲಸವನ್ನು ಹಗುರ ಅನ್ನುವವರು ಒಂದು ದಿನ ಮಾಡಿ ನೋಡಲಿ. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು ಕಾನೂನು ಹೇಳಿದ್ದು 1976ರಲ್ಲಿ. 2005ರ ಉದ್ಯೋಗ ಖಾತರಿ ಕಾಯ್ದೆ ಗಂಡಾಳು, ಹೆಣ್ಣಾಳು ಇಬ್ಬರಿಗೂ ಒಂದೇ ದರ ಕೊಟ್ಟಿತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದಿತು. ಕೂಸು ಕಾಯುವುದೂ ಕೆಲಸವೇ ಎಂದು ಒಪ್ಪಿದ ಮಾತು ಅದು.

ತಪ್ಪು ಕಲ್ಪನೆ 4: "ಅಧ್ಯಕ್ಷಿ ಹೆಸರಿಗಷ್ಟ. ಆಳೋದು ಗಂಡ."

ಸತ್ಯ: ಹಲವು ಕಡೆ ಹಾಗೆ ನಡೆಯುತ್ತದೆ, ಅಲ್ಲಗಳೆಯುವಂತಿಲ್ಲ. ಆದರೆ ಮೀಸಲಾತಿಯೇ ವ್ಯರ್ಥ ಅನ್ನುವುದು ತಪ್ಪು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1983ರ ಕಾಯ್ದೆಯಲ್ಲಿ ಕರ್ನಾಟಕ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿಟ್ಟಿತು. ಈಗದು ಶೇ 50. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಮೀಸಲಾತಿ ಇದ್ದ, ಇಲ್ಲದ ಪಂಚಾಯಿತಿಗಳನ್ನು ಹೋಲಿಸಿ ಅರ್ಥಶಾಸ್ತ್ರಜ್ಞರಾದ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಹಿಳೆಯರಿಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹರಿದಿದ್ದು ಕಂಡುಬಂತು. ಕೆರೆಯ ನೀರನ್ನೇ ನೆಚ್ಚಿರುವ ನವಲಗುಂದದ ಊರುಗಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕೊಡ ಹೊರುವವಳು ಕುರ್ಚಿಯಲ್ಲಿ ಕೂತರೆ ನೀರಿನ ಮಾತು ಮೊದಲು ಬರುತ್ತದೆ.

ತಪ್ಪು ಕಲ್ಪನೆ 5: "ಸಂಘ ಮಾಡಿ ಸಾಲ ಕೊಟ್ಟೇವಿ. ತರಬೇತಿಗೆ ಕರದ್ರ ಬರೂದಿಲ್ಲ."

ಸತ್ಯ: ಸಾಲ ಅವಳ ಹೆಸರಲ್ಲಿ, ಖರ್ಚು ಮತ್ತೊಬ್ಬರ ಕೈಯಲ್ಲಿ, ಕಂತು ಮತ್ತೆ ಅವಳ ತಲೆಮೇಲೆ ಅಂದರೆ ಅದು ಸಬಲೀಕರಣವಲ್ಲ, ಹೊಸ ಹೊರೆ. ಇನ್ನು ಬರುವುದಿಲ್ಲ ಅನ್ನುವ ಮಾತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಕಸ ತೆಗೆಯುವ ಹಂಗಾಮಿನಲ್ಲಿ, ತಾಲ್ಲೂಕು ಊರಿನಲ್ಲಿ, ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಅವಳು ಹೇಗೆ ಬಂದಾಳು?

ಇದಕ್ಕೊಂದು ದಾರಿ ಕುಂದಗೋಳ ತಾಲ್ಲೂಕಿನಲ್ಲೇ ಇದೆ. ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಹಜ ಸಮೃದ್ಧ ಸಂಸ್ಥೆಯ ಆಸರೆಯಲ್ಲಿ ನವಣಿ, ಸಾವಿಯಂಥ ಸಿರಿಧಾನ್ಯಗಳ ಬೀಜ ಉಳಿಸಿದರು, ಬೀಜ ಬ್ಯಾಂಕು ಕಟ್ಟಿದರು, ಊರಲ್ಲೇ ಸಂಸ್ಕರಣಾ ಘಟಕ ನಡೆಸಿದರು. ಈ ಕಾಳುಗಳು ಹೊಲ ಬಿಟ್ಟುಹೋಗಲು ಸಿಪ್ಪೆ ತೆಗೆಯುವ ಕಷ್ಟವೂ ಒಂದು ಕಾರಣ. ಆ ಕಷ್ಟವೆಲ್ಲ ಹೆಂಗಸರದ್ದೇ ಆಗಿತ್ತು. ಘಟಕದ ಯಂತ್ರ ಆ ಭಾರ ಇಳಿಸಿತು, ಯಂತ್ರದ ಯಜಮಾನಿಕೆ ಅವರ ಕೈಗೇ ಬಂತು. 2025ರಲ್ಲಿ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.

ಹಾಗಾಗಿ ಊರಿಗೆ ಯಾವ ಯೋಜನೆ ಬಂದರೂ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಎದ್ದು ಕೇಳಬೇಕು: ಕಾಗದದಲ್ಲಿ ಯಾರ ಹೆಸರು? ದುಡ್ಡು ಯಾರ ಕೈಗೆ? ಸಭೆ ಯಾರ ಬಿಡುವಿಗೆ ತಕ್ಕಂತೆ? ಯಂತ್ರ ಇಳಿಸಿದ್ದು ಯಾರ ಹೊರೆ? ನಾಲ್ಕಕ್ಕೂ ಉತ್ತರ ಗಂಡಸೇ ಆಗಿದ್ದರೆ ಆ ಯೋಜನೆ ಊರಿನ ಅರ್ಧ ಜನಕ್ಕೆ ಇನ್ನೂ ತಲುಪಿಲ್ಲ.