ಹಸಿರು ಓತಿಕೇತ

ಮಲೆನಾಡಿನ ಪೊದೆಯಲ್ಲಿ ಎಲೆಯೊಂದು ತಲೆಯಾಡಿಸಿದಂತೆ ಕಂಡರೆ ನಾವು ತುಸು ನಿಂತು ನೋಡಬೇಕು. ಅದು ಹಸಿರು ಓತಿಕೇತವಿರಬಹುದು. 1758ರಲ್ಲಿ ಲಿನೀಯಸನು ವರ್ಣಿಸಿದ ಈ ಪ್ರಾಣಿಯು ಪಶ್ಚಿಮ ಘಟ್ಟಗಳಲ್ಲಿಯೂ ಶ್ರೀಲಂಕೆಯಲ್ಲಿಯೂ ವಾಸಿಸುತ್ತದೆ. ಹಸಿರು ಮೈಗೆ ಬಿಳಿಯ ಅಡ್ಡಪಟ್ಟೆಗಳು. ಬೆನ್ನಿಗೆ ಗರಗಸದಂತಹ ಮುಳ್ಳಿನ ಸಾಲು. ಮೈಗಿಂತಲೂ ಬಹಳ ನೀಳವಾದ ಬಾಲ. ಹಲ್ಲಿಯ ಬಾಲದಂತೆ ಇದು ಸುಲಭವಾಗಿ ಕಳಚಿ ಬೀಳುವುದಿಲ್ಲ.

ಬೆದೆಗಾಲದಲ್ಲಿ ಗಂಡಿನ ತಲೆಯೂ ಕೊರಳೂ ಕೆಂಪೇರುತ್ತವೆ. ಅದನ್ನು ಕಂಡು, ರಕ್ತ ಹೀರುವ ವಿಷಜಂತುವೆಂದು ನಂಬಿ ಕಲ್ಲೆಸೆಯುವವರುಂಟು. ಆ ಕೆಂಪು ಹೆಣ್ಣನ್ನು ಒಲಿಸಿಕೊಳ್ಳುವ ಸಿಂಗಾರವೇ ಹೊರತು ರಕ್ತದ ಕುರುಹಲ್ಲ. ಇದಕ್ಕೆ ವಿಷವೂ ಇಲ್ಲ. ಕೀಟಗಳೇ ಇದರ ಮುಖ್ಯ ಆಹಾರ.

ಹೆಣ್ಣು ಮರದಿಂದಿಳಿದು, ಮಣ್ಣು ತೋಡಿ ಮೊಟ್ಟೆಯಿಟ್ಟು, ಗುಳಿಯನ್ನು ಮುಚ್ಚಿ ಮರಳುತ್ತದೆ. ಆ ಹೊತ್ತಿನಲ್ಲಿ ನಾವೆಸೆದ ಕಲ್ಲೊಂದು ಮುಂದಿನ ಪೀಳಿಗೆಯನ್ನೂ ಅಳಿಸೀತು. ಕೈಯಲ್ಲಿರುವ ಕಲ್ಲನ್ನು ಕೆಳಗಿಟ್ಟು ನೋಡೋಣ.