ಹಿರೋಷಿಮಾದ ಹಟಮಾರಿ ಎಂಜಿನ್

‘ಮಜ್ದಾ’ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕಾರಲ್ಲ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ ಮಿನಿ ಬಸ್ಸು ಅಥವಾ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸುತ್ತಿದ್ದ ಪುಟ್ಟ ಲಾರಿ ಕಣ್ಣ ಮುಂದೆ ಬರುತ್ತದೆ. ಪಂಜಾಬಿನ ಕಾರ್ಖಾನೆಯೊಂದು ಜಪಾನೀಯರ ಸಹಯೋಗದಲ್ಲಿ 1980ರ ದಶಕದಿಂದ ತಯಾರಿಸಿದ ‘ಸ್ವರಾಜ್ ಮಜ್ದಾ’ ವಾಹನಗಳಿಂದಾಗಿ ಈ ಹೆಸರು ಕರ್ನಾಟಕದ ರಸ್ತೆಗಳಲ್ಲೂ ಬಳಕೆಗೆ ಬಂತು. 2011ರಲ್ಲಿ ಆ ಕಂಪನಿಯ ಹೆಸರೇ ಬದಲಾಯಿತು. ಮೂಲ ಮಜ್ದಾ ಕಂಪನಿಯ ಕಾರುಗಳು ಮಾತ್ರ ನಮ್ಮ ಮಾರುಕಟ್ಟೆಗೆ ಬರಲೇ ಇಲ್ಲ.

ಅದೇ ಹೆಸರು ಜಪಾನ್, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಬೇರೆಯೇ ಚಿತ್ರವನ್ನು ಮೂಡಿಸುತ್ತದೆ. ಪೆಟ್ರೋಲ್ ಬಂಕಿಗೆ ಬಂದಾಗಲೆಲ್ಲ ಬಾನೆಟ್ ಎತ್ತಿ ಎಂಜಿನ್ ಆಯಿಲ್ ಎಷ್ಟಿದೆಯೆಂದು ನೋಡುವ ಕಾರು ಮಾಲೀಕನ ಚಿತ್ರ ಅದು. ಪೆಟ್ರೋಲನ್ನೂ ಕುಡಿಯುತ್ತದೆ, ಆಯಿಲನ್ನೂ ಕುಡಿಯುತ್ತದೆ ಎಂದು ಆತ ಗೊಣಗುತ್ತಾನೆ. ಹಾಗಾದರೆ ಮಾರಿಬಿಡಿ ಎಂದರೆ ಮಾತ್ರ ಒಪ್ಪುವುದಿಲ್ಲ. ಬೈಗುಳ ಮತ್ತು ಪ್ರೀತಿ ಹೀಗೆ ಒಂದೇ ಬಾಯಲ್ಲಿ ಬರಲು ಕಾರಣವೇನು? ಅದನ್ನು ತಿಳಿಯಲು ಹಿರೋಷಿಮಾ ನಗರದ ಚರಿತ್ರೆಯತ್ತ ಹೊರಳಬೇಕು.

ಬಿರಡೆಯಿಂದ ಗಾಲಿಗೆ

1920ರ ಜನವರಿಯಲ್ಲಿ ಹಿರೋಷಿಮಾದಲ್ಲಿ ‘ತೊಯೊ ಕಾರ್ಕ್ ಕೋಗ್ಯೊ’ ಎಂಬ ಕಂಪನಿ ಆರಂಭವಾಯಿತು. ಹೆಸರೇ ಹೇಳುವಂತೆ, ಬಾಟಲಿಯ ಬಿರಡೆ ಮುಂತಾದವಕ್ಕೆ ಬೇಕಾಗುವ ಕಾರ್ಕ್ ತಯಾರಿಕೆ ಅದರ ಕೆಲಸ. ಮರುವರ್ಷ ಅದರ ಹೊಣೆ ಹೊತ್ತವರು ಜುಜಿರೊ ಮತ್ಸುದಾ. ಮೀನುಗಾರ ಕುಟುಂಬದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಒಸಾಕಾಕ್ಕೆ ಹೋಗಿ ಕಮ್ಮಾರಿಕೆ ಕಲಿತಿದ್ದ ಅವರಿಗೆ ಯಂತ್ರಗಳೆಂದರೆ ಪ್ರಾಣ. 1925ರಲ್ಲಿ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಎರಡು ವರ್ಷಗಳ ಬಳಿಕ ಕಂಪನಿಯ ಹೆಸರಿನಿಂದ ‘ಕಾರ್ಕ್’ ಎಂಬ ಪದ ಮರೆಯಾಗಿ ‘ತೊಯೊ ಕೋಗ್ಯೊ’ ಉಳಿಯಿತು. ಯಂತ್ರೋಪಕರಣಗಳ ತಯಾರಿಕೆ ಶುರುವಾಯಿತು.

1931ರಲ್ಲಿ ಹೊರಬಂದದ್ದು ಮೂರು ಗಾಲಿಯ ಸರಕು ಸಾಗಣೆ ವಾಹನ. ಮುಂದೆ ಮೋಟಾರ್ ಸೈಕಲ್ಲಿನಂತೆ ಹ್ಯಾಂಡಲ್ಲು, ಹಿಂದೆ ಸಾಮಾನು ಹೇರುವ ತೊಟ್ಟಿ. ಇದಕ್ಕೆ ಇಟ್ಟ ಹೆಸರೇ ‘ಮಜ್ದಾ’. ಪಾರಸಿ ಧರ್ಮದ ಪರಮ ದೈವ ‘ಅಹುರ ಮಜ್ದಾ’ನ ಹೆಸರಿನಿಂದ ಇದನ್ನು ಆರಿಸಿದರು. ಅವೆಸ್ತಾ ಭಾಷೆಯ ‘ಅಹುರ’ ಪದಕ್ಕೂ ವೇದದ ‘ಅಸುರ’ ಪದಕ್ಕೂ, ‘ಮಜ್ದಾ’ಕ್ಕೂ ನಮ್ಮ ‘ಮೇಧಾ’ಕ್ಕೂ ನಂಟಿದೆಯೆಂಬುದು ಭಾಷಾವಿಜ್ಞಾನಿಗಳ ಅಭಿಪ್ರಾಯ. ಜಪಾನೀಯರು ಈ ಹೆಸರನ್ನು ‘ಮತ್ಸುದಾ’ ಎಂದೇ ಬರೆಯುತ್ತಾರೆ. ಹೀಗೆ ಒಂದೇ ಪದದಲ್ಲಿ ಜ್ಞಾನದ ದೇವರೂ ಕಂಪನಿಯ ಯಜಮಾನರೂ ಸೇರಿಕೊಂಡರು. ಕಂಪನಿಯೇ ಅಧಿಕೃತವಾಗಿ ಆ ಹೆಸರು ಪಡೆದದ್ದು ಬಹಳ ತಡವಾಗಿ, 1984ರಲ್ಲಿ.

ಗುಡ್ಡದ ಮರೆ

ಯುದ್ಧದ ಕಾಲದಲ್ಲಿ ಇದೇ ಕಾರ್ಖಾನೆ ಸೈನ್ಯಕ್ಕೆ ಬಂದೂಕುಗಳನ್ನು ತಯಾರಿಸಿತು. 1945ರ ಆಗಸ್ಟ್ 6ರಂದು ಜುಜಿರೊ ಮತ್ಸುದಾ ಅವರಿಗೆ 70 ವರ್ಷ ತುಂಬಿತು. ಹುಟ್ಟುಹಬ್ಬದ ದಿನವೆಂದು ಬೆಳಿಗ್ಗೆ ಬೇಗನೆ ನಗರದಲ್ಲಿ ಕ್ಷೌರ ಮಾಡಿಸಿಕೊಂಡು ಅವರು ಅಲ್ಲಿಂದ ಹೊರಟಿದ್ದರು. 8.15ಕ್ಕೆ ಅಣುಬಾಂಬ್ ಬಿತ್ತು. ಅವರು ಉಳಿದರು, ಮಗನೊಬ್ಬ ಉಳಿಯಲಿಲ್ಲ. ಕಾರ್ಮಿಕರಲ್ಲೂ ಅನೇಕರು ಸತ್ತರು.

ಕಾರ್ಖಾನೆ ಇದ್ದದ್ದು ನಗರದ ನಡುವಿನಿಂದ ಸುಮಾರು 5 ಕಿಲೋಮೀಟರ್ ದೂರದ ಫುಚುವಿನಲ್ಲಿ. ನಡುವೆ ಹಿಜಿಯಾಮಾ ಎಂಬ ಚಿಕ್ಕ ಗುಡ್ಡವಿತ್ತು. ಸ್ಫೋಟದ ಹೊಡೆತವನ್ನು ಅದು ತಡೆಯಿತು. ಕಿಟಕಿ ಗಾಜು ಒಡೆದು ಮಾಡು ಹಾರಿತಾದರೂ ಗೋಡೆ ಮತ್ತು ಯಂತ್ರಗಳು ಬಹುಪಾಲು ಉಳಿದುವು. ಗಾಯಗೊಂಡ ಜನ ಅಲ್ಲಿಗೆ ಬಂದರು. ನಗರದಲ್ಲಿ ನಿಲ್ಲಲು ಬೇರೆ ಕಟ್ಟಡವಿಲ್ಲದೆ ಪ್ರಾಂತೀಯ ಸರ್ಕಾರದ ಕಚೇರಿಯೇ ಅಲ್ಲಿಗೆ ಸ್ಥಳಾಂತರಗೊಂಡು, ಮರುವರ್ಷದವರೆಗೂ ಆಡಳಿತ ಅಲ್ಲಿಂದಲೇ ನಡೆಯಿತು. ಅದೇ ಡಿಸೆಂಬರಿನಲ್ಲಿ ಮೂರು ಗಾಲಿಯ ವಾಹನಗಳ ತಯಾರಿಕೆ ಮತ್ತೆ ಆರಂಭವಾಯಿತು. ಬೂದಿಯಾದ ಊರನ್ನು ಮತ್ತೆ ಕಟ್ಟುವಾಗ ಮಣ್ಣು, ಮರ, ಇಟ್ಟಿಗೆ ಹೊತ್ತದ್ದು ಅವೇ. ಹಿರೋಷಿಮಾದ ಜನಕ್ಕೆ ಮಜ್ದಾ ಕೇವಲ ಒಂದು ಕಂಪನಿಯಾಗಿ ಉಳಿಯದಿರಲು ಇದು ಮೊದಲ ಕಾರಣ.

ಒನಕೆ ಮತ್ತು ರುಬ್ಬುಗುಂಡು

1960ರಲ್ಲಿ ಕಂಪನಿ ತನ್ನ ಮೊದಲ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಅಷ್ಟರಲ್ಲೇ ಹೊಸ ಆತಂಕ ಎದುರಾಯಿತು. ಅಮೆರಿಕದ ಪೈಪೋಟಿ ಎದುರಿಸಲು ದೇಶದಲ್ಲಿ ಕೆಲವೇ ದೊಡ್ಡ ಕಾರು ಕಂಪನಿಗಳಿದ್ದರೆ ಸಾಕು, ಸಣ್ಣವು ಅವುಗಳಲ್ಲಿ ವಿಲೀನವಾಗಲಿ ಎಂಬ ವಿಚಾರ ಜಪಾನ್ ಸರ್ಕಾರದಲ್ಲಿತ್ತು. ಟೊಯೋಟಾ, ನಿಸಾನ್‌ಗಳ ಎದುರು ತೊಯೊ ಕೋಗ್ಯೊ ಎಷ್ಟರದು? ಜುಜಿರೊ ಅವರ ಮಗ, ಆಗಿನ ಅಧ್ಯಕ್ಷ ತ್ಸುನೆಜಿ ಮತ್ಸುದಾ ಒಂದು ತೀರ್ಮಾನಕ್ಕೆ ಬಂದರು. ಬೇರೆ ಯಾರಲ್ಲೂ ಇಲ್ಲದ್ದು ನಮ್ಮಲ್ಲಿದ್ದರೆ ಮಾತ್ರ ನಾವು ಉಳಿಯುತ್ತೇವೆ ಎಂಬುದು ಅದರ ಸಾರ. ಪಶ್ಚಿಮ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಫೆಲಿಕ್ಸ್ ವಾಂಕೆಲ್ ರೂಪಿಸಿದ್ದ ‘ರೋಟರಿ’ ಎಂಜಿನ್ನಿನ ಹಕ್ಕನ್ನು 1961ರಲ್ಲಿ ಅವರು ಪಡೆದುಕೊಂಡರು.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಒನಕೆಯಂತೆ ಮೇಲೆ ಕೆಳಗೆ ಆಡುತ್ತದೆ. ಆ ಏರಿಳಿತವನ್ನು ಗಾಲಿ ತಿರುಗಿಸುವ ಚಲನೆಯಾಗಿ ಬದಲಿಸಬೇಕು. ವಾಂಕೆಲ್ ಎಂಜಿನ್ ಹಾಗಲ್ಲ, ಅದು ಒರಳಿನೊಳಗಿನ ರುಬ್ಬುಗುಂಡಿನಂತೆ. ನಡುವಿನಲ್ಲಿ ಕೊಂಚ ತಗ್ಗಿದ, ನೆಲಗಡಲೆ ಕಾಯಿಯ ಆಕಾರದ ಕೋಣೆಯೊಳಗೆ, ಬದಿ ಉಬ್ಬಿದ ತ್ರಿಕೋನವೊಂದು ಸುತ್ತುತ್ತಿರುತ್ತದೆ. ಅದರ ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿಕೊಂಡೇ ಇರುವುದರಿಂದ ಮೂರು ಪ್ರತ್ಯೇಕ ಕೋಣೆಗಳು ಉಂಟಾಗುತ್ತವೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊಗೆ ಹೊರದಬ್ಬುವುದು ಎಲ್ಲ ಕೆಲಸವೂ ಸುತ್ತುತ್ತಲೇ ಆಗಿಹೋಗುತ್ತದೆ. ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ, ನಡುಕವಂತೂ ಇಲ್ಲವೇ ಇಲ್ಲವೆನ್ನುವಷ್ಟು.

ತೊಂದರೆ ಇದ್ದದ್ದು ಆ ಮೂರು ಮೂಲೆಗಳಲ್ಲೇ. ಅಲ್ಲಿ ಕೂಡಿಸಿದ ಸೀಲುಗಳು ಗೋಡೆಗೆ ಉಜ್ಜಿ, ಅದುರಿ, ಒಳಮೈಯ ಮೇಲೆ ಸಾಲುಸಾಲು ಗೆರೆ ಕೊರೆಯುತ್ತಿದ್ದವು. ಅವನ್ನು ಎಂಜಿನಿಯರುಗಳು ‘ದೆವ್ವದ ಉಗುರಿನ ಗುರುತು’ ಎಂದು ಕರೆದರು. ಇದಕ್ಕೆ ಪರಿಹಾರ ಹುಡುಕಲು 1963ರಲ್ಲಿ ಕೆನಿಚಿ ಯಮಾಮೊಟೊ ನೇತೃತ್ವದಲ್ಲಿ 47 ಎಂಜಿನಿಯರುಗಳ ತಂಡ ರಚನೆಯಾಯಿತು. ಸತ್ತ ಒಡೆಯನಿಗಾಗಿ ಪ್ರಾಣ ಒತ್ತೆಯಿಟ್ಟ 47 ಸಮುರಾಯಿಗಳ ಕತೆ ಜಪಾನಿನಲ್ಲಿ ಮನೆಮಾತು. ತಂಡಕ್ಕೂ ಅದೇ ಬಿರುದು ಅಂಟಿಕೊಂಡಿತು. ಹಲವು ಬಗೆಯ ವಸ್ತುಗಳನ್ನು ಪರೀಕ್ಷಿಸಿದ ಮೇಲೆ ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆಸಿದ ಸೀಲು ಕೈಹಿಡಿಯಿತು. 1967ರ ಮೇ ತಿಂಗಳಲ್ಲಿ ‘ಕಾಸ್ಮೊ ಸ್ಪೋರ್ಟ್’ ಕಾರು ಮಾರಾಟಕ್ಕೆ ಬಂತು. ಅದೇ ವರ್ಷ ರೋಟರಿ ಕಾರು ಹೊರತಂದ ಮೂಲ ಜರ್ಮನ್ ಕಂಪನಿ ಗ್ರಾಹಕರ ದೂರುಗಳಲ್ಲಿ ಸಿಲುಕಿ 1969ರಲ್ಲಿ ಇನ್ನೊಂದು ಕಂಪನಿಯೊಳಗೆ ಸೇರಿಹೋಯಿತು. ಹಕ್ಕು ಕೊಂಡಿದ್ದ ಅಮೆರಿಕದ ಜನರಲ್ ಮೋಟಾರ್ಸ್‌ನಂಥ ದೈತ್ಯ ಸಂಸ್ಥೆಯೂ ಕೈಬಿಟ್ಟಿತು. ಹಟ ಹಿಡಿದು ಉಳಿದದ್ದು ಹಿರೋಷಿಮಾ ಮಾತ್ರ.

ತೈಲದ ಪೆಟ್ಟು

ಆ ಹಟಕ್ಕೆ ಬೆಲೆ ತೆರುವ ದಿನ ಬೇಗ ಬಂತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಗಗನಕ್ಕೇರಿತು. ಅಮೆರಿಕ ಸರ್ಕಾರದ ಪರೀಕ್ಷೆಯಲ್ಲಿ ರೋಟರಿ ಕಾರುಗಳು ನಗರ ಸಂಚಾರದಲ್ಲಿ ಲೀಟರಿಗೆ ನಾಲ್ಕೂವರೆ ಕಿಲೋಮೀಟರಿನ ಆಸುಪಾಸು ಓಡುತ್ತವೆಂಬ ಅಂಕಿ ಹೊರಬಿತ್ತು. ಮಾರಾಟ ಕುಸಿಯಿತು, ಕಾರುಗಳು ಗೋದಾಮಿನಲ್ಲಿ ಕೊಳೆತವು, ಕಂಪನಿ ದಿವಾಳಿಯ ಅಂಚಿಗೆ ಬಂತು.

ಆಗ ನಡೆದದ್ದು ಕಾರ್ಖಾನೆಗಳ ಚರಿತ್ರೆಯಲ್ಲಿ ನೆನಪಿಡಬೇಕಾದ ಸಂಗತಿ. ಸುಮಿಟೊಮೊ ಬ್ಯಾಂಕ್ ಹಣ ಕೊಟ್ಟು ತನ್ನ ಅಧಿಕಾರಿಗಳನ್ನೂ ಕಳಿಸಿತು. ಕಾರ್ಮಿಕರನ್ನು ಮನೆಗೆ ಕಳಿಸುವ ಬದಲು ಅವರಲ್ಲಿ ಸಾವಿರಾರು ಜನರನ್ನು ಊರೂರಿಗೆ ಕಳಿಸಲಾಯಿತು. ನಿನ್ನೆಯವರೆಗೆ ಸ್ಪ್ಯಾನರ್ ಹಿಡಿದಿದ್ದವರು ಮನೆ ಮನೆಯ ಬಾಗಿಲು ತಟ್ಟಿ ಕಾರು ಮಾರಿದರು. ‘ಮಜ್ದಾ ಕಾರನ್ನೇ ಕೊಳ್ಳಿ’ ಎಂಬ ಪ್ರಚಾರ ಹಿರೋಷಿಮಾದಲ್ಲಿ ನಡೆಯಿತು. ಕಂಪನಿಯ ಹಳೆಯ ಹೆಸರನ್ನು ಇಂದಿಗೂ ಹೊತ್ತಿರುವ ಊರಿನ ಬೇಸ್‌ಬಾಲ್ ತಂಡ ‘ಹಿರೋಷಿಮಾ ತೊಯೊ ಕಾರ್ಪ್’ ತನ್ನ ಮೊತ್ತಮೊದಲ ಲೀಗ್ ಗೆಲುವು ಕಂಡದ್ದೂ ಆ ಸಂಕಟದ ನಡುವೆಯೇ, 1975ರಲ್ಲಿ. ಆದರೆ 1977ರಲ್ಲಿ ಮತ್ಸುದಾ ಕುಟುಂಬ ಅಧ್ಯಕ್ಷ ಪೀಠ ಬಿಡಬೇಕಾಯಿತು. 1979ರಲ್ಲಿ ಅಮೆರಿಕದ ಫೋರ್ಡ್ ಸುಮಾರು ಕಾಲು ಭಾಗದಷ್ಟು ಷೇರು ಕೊಂಡಿತು.

ಎಲ್ಲರೂ ರೋಟರಿಗೆ ಎಳ್ಳುನೀರು ಬಿಡುತ್ತಾರೆಂದು ಲೋಕ ನಂಬಿದ್ದಾಗ, ಪೆಟ್ರೋಲಿನ ಖರ್ಚು ತಗ್ಗಿಸಿದ ಎಂಜಿನ್ ಹೊತ್ತ ‘ಆರ್‌ಎಕ್ಸ್-7’ 1978ರಲ್ಲಿ ಬಂತು. 2002ರವರೆಗೆ ಮೂರು ತಲೆಮಾರುಗಳಲ್ಲಿ ಇಂಥ 8 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. 1991ರ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಓಟದಲ್ಲಿ ಮಜ್ದಾದ ‘787ಬಿ’ 4,900 ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಗೆದ್ದಿತು. ಅಲ್ಲಿ ಗೆದ್ದ ಮೊದಲ ಜಪಾನೀ ಕಂಪನಿ ಅದು. ಟೊಯೋಟಾಕ್ಕೆ ಆ ಗೆಲುವು ದಕ್ಕಲು 2018ರವರೆಗೆ ಕಾಯಬೇಕಾಯಿತು.

ಮಾಲೀಕರ ಮಾತು

ಇಷ್ಟೆಲ್ಲ ಕೀರ್ತಿಯಿದ್ದರೂ ಓಟದ ಮೈದಾನ ಬೇರೆ, ದಿನನಿತ್ಯದ ರಸ್ತೆ ಬೇರೆ. ರೋಟರಿ ಕಾರಿನ ಮಾಲೀಕರ ದೂರುಗಳು ದೇಶ ಬದಲಾದರೂ ಬದಲಾಗುವುದಿಲ್ಲ. ಮೊದಲನೆಯದು ಪೆಟ್ರೋಲು. ಉರಿಯುವ ಕೋಣೆ ಉದ್ದವಾಗಿ, ತೆಳ್ಳಗಾಗಿ ಇರುವುದರಿಂದ ಇಂಧನ ಪೂರ್ತಿ ಉರಿಯುವುದಿಲ್ಲ. ಎರಡನೆಯದು ಆಯಿಲ್. ಬೇರೆ ಕಾರಿನಲ್ಲಿ ಆಯಿಲ್ ಉರಿದರೆ ಅದು ರೋಗದ ಲಕ್ಷಣ, ಇಲ್ಲಿ ಅದು ಹುಟ್ಟುಗುಣ. ಮೂಲೆಯ ಸೀಲುಗಳು ಸವೆಯದಿರಲೆಂದು ಎಂಜಿನ್ನೇ ಸ್ವಲ್ಪ ಸ್ವಲ್ಪ ಆಯಿಲನ್ನು ಒಳಗೆ ಸುರಿದುಕೊಳ್ಳುತ್ತದೆ. ಇದನ್ನು ತಿಳಿಯದೆ ಕೊಂಡವರು ಎಂಜಿನ್ ಕಳೆದುಕೊಂಡದ್ದುಂಟು. ಮೂರನೆಯದು, ತಣ್ಣಗಿನ ಎಂಜಿನ್ ಶುರು ಮಾಡಿ, ಕಾರನ್ನು ನಾಲ್ಕು ಮಾರು ಸರಿಸಿ, ಆಫ್ ಮಾಡಿದರೆ ಒಳಗೆ ಪೆಟ್ರೋಲ್ ನಿಂತು ಮತ್ತೆ ಶುರುವಾಗದೆ ಮುಷ್ಕರ ಹೂಡುವುದು. ಸೀಲು ಸವೆದು ಒತ್ತಡ ಇಳಿದರಂತೂ ಇಡೀ ಎಂಜಿನ್ ಬಿಚ್ಚಬೇಕು, ಅದನ್ನು ಬಲ್ಲ ಮೆಕ್ಯಾನಿಕ್ ಎಲ್ಲ ಊರಿನಲ್ಲೂ ಸಿಗುವುದಿಲ್ಲ. 2003ರಲ್ಲಿ ಬಂದ ‘ಆರ್‌ಎಕ್ಸ್-8’ ಕಾರಿನ ಬಗ್ಗೆ ದೂರು ಹೆಚ್ಚಿದಾಗ ಅಮೆರಿಕದಲ್ಲಿ ಅದರ ಎಂಜಿನ್ ಖಾತರಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಬೇಕಾಯಿತು.

ಆದರೂ ಅದೇ ಮಾಲೀಕರು ಮೆಚ್ಚುವ ಗುಣಗಳಿವೆ. ವೇಗ ಏರಿದಷ್ಟೂ ಎಂಜಿನ್ ನಯವಾಗುತ್ತದೆ. ಇನ್ನು ಸಾಕು ಎಂದು ಎಚ್ಚರಿಸಲು ಗಂಟೆ ಬಾರಿಸಬೇಕಾಗುವಷ್ಟು ಹಗುರಾಗಿ ಅದು ಏರುತ್ತದೆ. ಎಂಜಿನ್ ಚಿಕ್ಕದಾದ್ದರಿಂದ ಕಾರಿನ ಭಾರ ಮುಂದಕ್ಕೆ ಜಗ್ಗದೆ ತಿರುವುಗಳಲ್ಲಿ ಕೈ ಹೇಳಿದಂತೆ ಕೇಳುತ್ತದೆ. ಗುಣ, ದೋಷ ಎರಡರ ಬೇರೂ ಒಂದೇ ಎಂಬುದನ್ನು ಅರಿತವರು ಮಾತ್ರ ಇದರೊಡನೆ ಬಾಳಬಲ್ಲರು.

ರೋಟರಿಯಿಲ್ಲದ ಮಜ್ದಾ ಕಾರುಗಳಿಗೂ ಇದರಲ್ಲಿ ಪಾಲಿದೆ. 1989ರಲ್ಲಿ ಬಂದ, ಸಾದಾ ಎಂಜಿನ್ನಿನ ಎರಡೇ ಸೀಟಿನ ತೆರೆದ ಕಾರು ‘ಎಂಎಕ್ಸ್-5’ ಇದಕ್ಕೆ ಸಾಕ್ಷಿ. ಸವಾರನೂ ಕುದುರೆಯೂ ಒಂದೇ ಆಗುವುದು ಎಂಬ ಅರ್ಥದ ಜಪಾನೀ ನುಡಿಗಟ್ಟನ್ನು ಅದರ ತಯಾರಕರು ಆದರ್ಶವಾಗಿ ಇಟ್ಟುಕೊಂಡಿದ್ದರು. ಸಾಮಾನಿಡಲು ಜಾಗವಿಲ್ಲ, ಎತ್ತರದವರಿಗೆ ಕಾಲು ಚಾಚಲಾಗದು, ಬಟ್ಟೆ ಮಾಡಿನ ನೀರು ಹರಿಯುವ ತೂತು ಕಟ್ಟಿಕೊಂಡರೆ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ ಎಂದು ಮಾಲೀಕರೇ ಪಟ್ಟಿ ಕೊಡುತ್ತಾರೆ. ಆದರೂ 2016ರ ವೇಳೆಗೆ ಅಂಥ 10 ಲಕ್ಷ ಕಾರುಗಳು ತಯಾರಾಗಿದ್ದವು. ಹಳೆಯ ಕಾರನ್ನು ಬಿಡಲೊಲ್ಲದವರಿಗಾಗಿ ಅದನ್ನು ಹೊಸತರಂತೆ ಮಾಡಿಕೊಡುವ ಕೆಲಸವನ್ನು ಜಪಾನಿನಲ್ಲಿ ಕಂಪನಿಯೇ ಕೈಗೆತ್ತಿಕೊಂಡಿತು.

ಒರಳು ಉಳಿಯಿತು

ಆರ್‌ಎಕ್ಸ್-8 ತಯಾರಿಕೆ 2012ರಲ್ಲಿ ನಿಂತಾಗ ರೋಟರಿಯ ಕತೆ ಮುಗಿಯಿತೆಂದೇ ಅನ್ನಿಸಿತ್ತು. ಆ ಮೊದಲೇ, 2008ರ ಆರ್ಥಿಕ ಕುಸಿತದಲ್ಲಿ ಫೋರ್ಡ್ ತನ್ನ ಷೇರು ಮಾರತೊಡಗಿ, 2015ರಲ್ಲಿ ಪೂರ್ತಿ ಹೊರನಡೆಯಿತು. 2017ರಲ್ಲಿ ಟೊಯೋಟಾ ಒಂದಿಷ್ಟು ಪಾಲು ಕೊಂಡಿತು. ವರ್ಷಕ್ಕೆ ಕೋಟಿ ವಾಹನ ಮಾರುವ ಟೊಯೋಟಾದ ಪಕ್ಕದಲ್ಲಿ ಸುಮಾರು 12 ಲಕ್ಷ ಮಾರುವ ಮಜ್ದಾ ಈಗಲೂ ಚಿಕ್ಕದೇ. 1960ರಲ್ಲಿ ತ್ಸುನೆಜಿ ಮತ್ಸುದಾ ಕೇಳಿಕೊಂಡ ಪ್ರಶ್ನೆ ವಿದ್ಯುತ್ ಕಾರುಗಳ ಕಾಲದಲ್ಲೂ ಅದರ ಮುಂದಿದೆ.

ಉತ್ತರವೂ ಹಳೆಯದೇ. 2023ರಲ್ಲಿ ರೋಟರಿ ಎಂಜಿನ್ ‘ಎಂಎಕ್ಸ್-30’ ಎಂಬ ಕಾರಿನಲ್ಲಿ ಮರಳಿತು. ಇಲ್ಲಿ ಅದು ಗಾಲಿ ತಿರುಗಿಸುವುದಿಲ್ಲ, ಬ್ಯಾಟರಿ ಬತ್ತಿದಾಗ ವಿದ್ಯುತ್ ತಯಾರಿಸಿ ಕೊಡುವುದಷ್ಟೇ ಅದರ ಕೆಲಸ. ಚಿಕ್ಕ ಜಾಗದಲ್ಲಿ ಕೂರುವ, ನಡುಕವಿಲ್ಲದ ಯಂತ್ರಕ್ಕೆ ಅದು ಹೊಂದುವ ಕೆಲಸವೇ ಸರಿ. ಮಿಕ್ಸಿ ಬಂದ ಮೇಲೂ ಹಿತ್ತಿಲಲ್ಲಿ ಒರಳುಕಲ್ಲು ಉಳಿಸಿಕೊಂಡ ಮನೆಗಳು ನಮ್ಮಲ್ಲಿವೆ. ಅದನ್ನು ತೊಳೆಯುವುದು ಕಷ್ಟ, ತೋಳು ನೋಯುತ್ತದೆ ಎಂದು ದೂರುತ್ತಲೇ ಹಬ್ಬದ ದಿನ ಅದರ ಮುಂದೆಯೇ ಕೂರುತ್ತಾರೆ. ಬಾನೆಟ್ ಎತ್ತಿ ಆಯಿಲ್ ನೋಡುತ್ತ ಗೊಣಗುವ ದೂರದೇಶದ ಕಾರು ಮಾಲೀಕನೂ ಅವರ ನೆಂಟನೇ ಇರಬೇಕು.