ದೌಂಡದ ಮನೆಯೊಂದರಲ್ಲಿ ಇಬ್ಬರು ಪೈಲಟ್‌ಗಳು

ಬೆಂಗಳೂರಿನಿಂದ ಮುಂಬೈಗೋ ದೆಹಲಿಗೋ ರೈಲಿನಲ್ಲಿ ಹೋದ ಕನ್ನಡಿಗರಿಗೆ ದೌಂಡ ಜಂಕ್ಷನ್ ಹೊಸದಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿಂದ ಪುಣೆಯ ಕಡೆ ಹೋಗುತ್ತದೆ, ಕರ್ನಾಟಕ ಎಕ್ಸ್‌ಪ್ರೆಸ್ ಮನ್ಮಾಡದ ಕಡೆ ತಿರುಗುತ್ತದೆ. ಆದರೆ ಇಲ್ಲಿ ಕನ್ನಡ ಮನೆಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬಹಳ ಕಾಲ ದೌಂಡ ಸೊಲ್ಲಾಪುರ ರೈಲ್ವೆ ವಿಭಾಗದಲ್ಲಿತ್ತು. ಅದೇ ವಿಭಾಗದಲ್ಲಿ ಕಲಬುರ್ಗಿ, ಶಹಾಬಾದ್, ವಾಡಿಯೂ ಇದ್ದುದರಿಂದ ಆ ಕಡೆಯ ರೈಲ್ವೆ ನೌಕರರು ವರ್ಗವಾಗಿ ಬಂದು ಇಲ್ಲಿಯೇ ನೆಲೆಸಿದರು.

ಇದೇ ಜಂಕ್ಷನ್‌ನಿಂದ ಬಾರಾಮತಿಗೆ ಒಂದು ಕವಲು ಹಳಿ ಹೋಗುತ್ತದೆ. ಬಾರಾಮತಿಯಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆಗಳಿವೆ. ರೈಲ್ವೆ ಊರಿನ ಹುಡುಗರು ತಲೆ ಎತ್ತಿ ಸಣ್ಣ ತರಬೇತಿ ವಿಮಾನಗಳನ್ನು ನೋಡುತ್ತಲೇ ಬೆಳೆದವರು. ಅಂಥ ಒಬ್ಬ ಹುಡುಗ, ವಾಡಿ ಮೂಲದ ಲೋಕೋ ಪೈಲಟ್ ಒಬ್ಬರ ಮಗ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು ವಿಮಾನ ಕಂಪನಿಯೊಂದರ ಇಂಟರ್‌ವ್ಯೂಗೆ ತಯಾರಾಗುತ್ತಿದ್ದ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದ ಜೊತೆಗೆ ನೂರಾರು ಜನರ ಇಂಟರ್‌ವ್ಯೂ ತೆಗೆದುಕೊಂಡಿರುವ ನನ್ನನ್ನು ಅವನ ಅಪ್ಪ ಕರೆದರು: "ತಮ್ಮಾ, ಒಂದೆರಡು ದಿನ ಬಂದು ಇವನಿಗೆ ಪ್ರಶ್ನೆ ಕೇಳು, ಅಂಜಿಕಿ ಹೋಗಲಿ."

ಇಂಟರ್‌ವ್ಯೂಗೆ ಮುಂಚಿನ ಮೆಟ್ಟಿಲುಗಳು

ನಮ್ಮ ಐಟಿ ಲೋಕದ ಇಂಟರ್‌ವ್ಯೂಗೂ ಇದಕ್ಕೂ ಹೋಲಿಕೆ ಕಡಿಮೆ. ಲೈಸೆನ್ಸ್ ಸಿಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮ, ತಾಂತ್ರಿಕ ವಿಷಯಗಳ ಡಿಜಿಸಿಎ ಪರೀಕ್ಷೆಗಳಲ್ಲಿ ನೂರಕ್ಕೆ 70 ತೆಗೆಯಬೇಕು. ರೇಡಿಯೋದಲ್ಲಿ ಮಾತಾಡಲು ಬೇರೆ ಪರವಾನಗಿ ಬೇಕು. ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ ಬೇಕು. ಕಡೆಗೆ 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿದ್ದು ಹಾರಿಸಿರಬೇಕು. ಇಷ್ಟಕ್ಕೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚು. ಎ320 ಅಥವಾ ಬೋಯಿಂಗ್ 737ನಂಥ ದೊಡ್ಡ ವಿಮಾನದ ಟೈಪ್ ರೇಟಿಂಗ್‌ಗೆ ಮತ್ತೆ ಲಕ್ಷಗಟ್ಟಲೆ. ಈ ಮನೆಯಲ್ಲಿ ಅದಕ್ಕಾಗಿ ಊರಿನ ಹೊಲ ಹೋಗಿದೆ, ಉಳಿದದ್ದು ಬ್ಯಾಂಕ್ ಸಾಲ.

ಆಮೇಲೆ ಕಂಪನಿಯ ಆಯ್ಕೆ ಶುರು. ಕಂಪನಿಯಿಂದ ಕಂಪನಿಗೆ ಕ್ರಮ ಬದಲಾದರೂ ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಕಣ್ಣು-ಕೈ-ಗಮನದ ಹೊಂದಾಣಿಕೆ ಅಳೆಯುವ ಕಂಪ್ಯೂಟರ್ ಪರೀಕ್ಷೆ, ಮನೋವೈಜ್ಞಾನಿಕ ಪ್ರಶ್ನಾವಳಿ, ಗುಂಪು ಚರ್ಚೆ, ಕೆಲವೆಡೆ ಸಿಮ್ಯುಲೇಟರ್ ತಪಾಸಣೆ, ಕೊನೆಗೆ ಎದುರಾಎದುರು ಸಂದರ್ಶನ. ವಿಷಯ ಜ್ಞಾನದ ಪ್ರಶ್ನೆಗಳನ್ನು ಹುಡುಗ ನೀರು ಕುಡಿದಂತೆ ಹೇಳುತ್ತಿದ್ದ. ಬೇಸಿಗೆಯ ಮಧ್ಯಾಹ್ನ ರನ್‌ವೇ ಯಾಕೆ ಉದ್ದ ಬೇಕು? ಬಿಸಿ ಗಾಳಿ ತೆಳು, ರೆಕ್ಕೆಗೂ ಎಂಜಿನ್‌ಗೂ ಅದರಿಂದ ಸಿಗುವ ಬಲ ಕಡಿಮೆ. ವಿ1 ವೇಗ ಎಂದರೆ? ಅದನ್ನು ದಾಟಿದ ಮೇಲೆ ಟೇಕಾಫ್ ಕೈಬಿಡುವಂತಿಲ್ಲ.

ಅವನ ಭಯ ಇದ್ದದ್ದು ಇಂಗ್ಲಿಷಿನ ಮೇಲೆ. ಕನ್ನಡ, ಮರಾಠಿ ಬೆರೆತ ತನ್ನ ಉಚ್ಚಾರ ಕೇಳಿ ನಕ್ಕಾರು ಎಂಬ ಅಳುಕು. ಇದು ನಮ್ಮ ಎಷ್ಟೋ ಮಕ್ಕಳ ಅಳುಕು, ಆದ್ದರಿಂದ ಹೇಳುತ್ತೇನೆ. ಅಂತರರಾಷ್ಟ್ರೀಯ ವಾಯುಯಾನ ಸಂಸ್ಥೆ ಐಕಾವೋ ಪೈಲಟ್‌ಗಳಿಂದ ಕನಿಷ್ಠ 4ನೇ ಹಂತದ ಇಂಗ್ಲಿಷ್ ಬಯಸುತ್ತದೆ. ಆ ಹಂತದ ಮಾತಿನಲ್ಲಿ ತಾಯ್ನುಡಿಯ ಛಾಯೆ ಇರಬಹುದು ಎಂದು ಅಲ್ಲೇ ಒಪ್ಪಿಕೊಂಡಿದ್ದಾರೆ, ಅರ್ಥಕ್ಕೆ ಅದು ಪದೇ ಪದೇ ಅಡ್ಡಿಯಾಗಬಾರದು ಅಷ್ಟೇ. ರೇಡಿಯೋದಲ್ಲಿ ಮೂರಕ್ಕೆ 'ಟ್ರೀ', ಐದಕ್ಕೆ 'ಫೈಫ್', ಒಂಬತ್ತಕ್ಕೆ 'ನೈನರ್' ಎನ್ನುವುದು ಕೂಡ ಎಲ್ಲ ದೇಶದವರಿಗೂ ತಪ್ಪಿಲ್ಲದೆ ಕೇಳಿಸಲಿ ಎಂದೇ. ಅಲ್ಲಿ ಬೇಕಾದದ್ದು ಸ್ಪಷ್ಟತೆ, ಕಾನ್ವೆಂಟ್ ಉಚ್ಚಾರವಲ್ಲ.

ಕ್ಯಾಪ್ಟನ್ ತಪ್ಪು ಮಾಡಿದರೆ?

ಅವನು ನಿಜವಾಗಿ ತಡವರಿಸಿದ್ದು ಬೇರೆ ಪ್ರಶ್ನೆಗೆ. "ವಿಮಾನ ಇಳಿಯುತ್ತಿದೆ, ಎತ್ತರ ಹೆಚ್ಚಿದೆ, ವೇಗ ಹೆಚ್ಚಿದೆ. ಕ್ಯಾಪ್ಟನ್ ಹಾಗೇ ಇಳಿಸಲು ಹೊರಟಿದ್ದಾರೆ. ನೀನೇನು ಮಾಡುತ್ತೀ?" ಎಂದೆ.

"ಅಣ್ಣಾ, ಅವರಿಗೆ ಸಾವಿರಾರು ತಾಸಿನ ಅನುಭವ ಇರ್ತದ. ಸರ್, ಒಂಚೂರು ನೋಡ್ರಿ ಅಂತ ಮೆಲ್ಲಗ ಹೇಳ್ತೀನಿ" ಎಂದ.

ದೊಡ್ಡವರಿಗೆ ಎದುರಾಡಬಾರದು ಎಂದು ನಾವೇ ಕಲಿಸಿರುತ್ತೇವೆ. ಕಾಕ್‌ಪಿಟ್‌ನಲ್ಲಿ ಆ ಸಂಸ್ಕಾರ ಏನು ಮಾಡಬಲ್ಲದು ಎನ್ನುವುದಕ್ಕೆ ಕನ್ನಡ ನಾಡಿನಲ್ಲೇ ಉದಾಹರಣೆಯಿದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಉಳಿದವರು ಎಂಟೇ ಜನ. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇರಲಿಲ್ಲ; ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು ಫಸ್ಟ್ ಆಫೀಸರ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಮುಂದುವರಿಸಿದರು ಎಂದು ತನಿಖಾ ವರದಿ ಹೇಳಿತು. ಅಲ್ಲಿ ಕಿರಿಯರು ಬಾಯಿ ಬಿಟ್ಟು ಹೇಳಿದ್ದರು, ಆದರೂ ಸಾಲಲಿಲ್ಲ. ಹಾಗಾಗಿ ಇಂಟರ್‌ವ್ಯೂದಲ್ಲಿ ಈ ಪ್ರಶ್ನೆ ಕೇಳುವವರು ವಿನಯ ನೋಡಲು ಕೇಳುವುದಿಲ್ಲ. ಹೇಳಿದ್ದು ನಾಟದಿದ್ದರೆ ಮುಂದೆ ಏನು ಮಾಡುತ್ತಾನೆ ಎಂದು ನೋಡಲು ಕೇಳುತ್ತಾರೆ.

ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ಚಹಾ ಕುಡಿಯುತ್ತಾ ಕೂತಿದ್ದ ಕಾಕಾ ನಡುವೆ ಬಾಯಿ ಹಾಕಿದರು.

"ಎಂಜಿನ್‌ನಾಗ ನಾನೂ ನನ್ನ ಅಸಿಸ್ಟೆಂಟೂ ಪ್ರತಿ ಸಿಗ್ನಲ್ ಒಬ್ಬರಿಗೊಬ್ಬರು ಕೂಗಿ ಹೇಳ್ತೀವಿ. ಕೆಂಪು ಕಂಡು ನಾ ಬ್ರೇಕ್ ಹಾಕಲಿಲ್ಲಂದ್ರ ಅಂವ ಹಾಕಬೇಕು. ಕಾಕಾ ಸಿಟ್ಟಾಗ್ತಾರ ಅಂತ ಸುಮ್ಮ ಕುಂತ್ರ ನಡೀತದೇನು? ಹಿಂದ ಸಾವಿರ ಮಂದಿ ಮಲಗಿರ್ತಾರ."

ಆ ಎರಡು ದಿನದ ತಯಾರಿಯಲ್ಲಿ ಹುಡುಗನಿಗೆ ನಿಜಕ್ಕೂ ದಕ್ಕಿದ್ದು ಈ ಮಾತು. ಮರುದಿನ ಅದೇ ಪ್ರಶ್ನೆ ಕೇಳಿದೆ. ಮೊದಲು ವೇಗ, ಎತ್ತರ ಎಷ್ಟು ತಪ್ಪಿದೆ ಎಂದು ಅಂಕಿಯಲ್ಲಿ ಹೇಳುತ್ತೇನೆ, ಉತ್ತರ ಬರದಿದ್ದರೆ 'ಗೋ ಅರೌಂಡ್' ಎಂದು ಸ್ಪಷ್ಟವಾಗಿ ಹೇಳುತ್ತೇನೆ, ಆಗಲೂ ಕೇಳದಿದ್ದರೆ ಕಂಪನಿಯ ನಿಯಮದಂತೆ ಕಂಟ್ರೋಲ್ ನಾನು ತೆಗೆದುಕೊಳ್ಳುತ್ತೇನೆ ಎಂದ. ದನಿ ನಡುಗಲಿಲ್ಲ. ರೈಲ್ವೆಯ ಸೈಕೋ ಟೆಸ್ಟ್, ಕಣ್ಣಿನ ಕಟ್ಟುನಿಟ್ಟಿನ ಪರೀಕ್ಷೆ, ಡ್ಯೂಟಿಗೆ ಮುಂಚೆ ಉಸಿರಿನ ತಪಾಸಣೆ ಎಲ್ಲ ದಾಟಿ ಬಂದ ಅಪ್ಪನಿಗೆ ಈ ಇಂಟರ್‌ವ್ಯೂ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

ಆಮೇಲಿನ ಕಾಯುವಿಕೆ

ಇಂಟರ್‌ವ್ಯೂ ಮುಗಿದು ತಿಂಗಳುಗಳಾದವು. ಬಂಧುಗಳ ಒಂದೇ ಪ್ರಶ್ನೆ: "ಪೇಪರ್‌ನಲ್ಲಿ ಪೈಲಟ್‌ಗಳ ಕೊರತೆ ಅಂತಾರೆ, ಇವನಿಗೆ ಯಾಕೆ ಕೆಲಸ ಇಲ್ಲ?"

ಕೊರತೆ ಸುಳ್ಳಲ್ಲ. 2023ರ ಜೂನ್‌ನಲ್ಲಿ ಇಂಡಿಗೋ ಒಂದೇ ಸಲ 500 ವಿಮಾನ ಕೇಳಿತು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ಅದೇ ಕಂಪನಿಯ ಸಾವಿರಾರು ಹಾರಾಟ ರದ್ದಾದವು. ಆದರೆ ಹೆಚ್ಚು ಕೊರತೆ ಕ್ಯಾಪ್ಟನ್‌ಗಳದು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಹಾರಾಟ ಬೇಕು. 200 ಗಂಟೆಯ ಹುಡುಗ ಆ ಜಾಗ ತುಂಬಲಾರ. ಅವನನ್ನು ಆಯ್ಕೆ ಮಾಡಿದರೂ ತರಬೇತಿ ತಂಡದಲ್ಲಿ ಜಾಗ, ಸಿಮ್ಯುಲೇಟರ್, ಹೊಸ ವಿಮಾನ ಎಲ್ಲ ಕೂಡಿ ಬರಬೇಕು.

ಜೊತೆಗೆ ಈ ಉದ್ಯಮದ ಏರಿಳಿತ. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. 2020ರಲ್ಲಿ ಕೊರೊನಾದಿಂದ ದೇಶದೊಳಗಿನ ವಿಮಾನಗಳು ಎರಡು ತಿಂಗಳು ನೆಲದಲ್ಲೇ ಇದ್ದವು. ಪ್ರತಿ ಸಲವೂ ಅನುಭವಿ ಪೈಲಟ್‌ಗಳು ಕೆಲಸ ಹುಡುಕುತ್ತಾ ಹೊಸಬರಿಗಿಂತ ಮುಂದೆ ಬಂದು ನಿಂತರು. ಆದ್ದರಿಂದ ಕೆಲಸ ತಡವಾದದ್ದನ್ನು ಹುಡುಗನ ಯೋಗ್ಯತೆಯ ತೀರ್ಪು ಎಂದುಕೊಳ್ಳುವುದು ತಪ್ಪು.

ನಮ್ಮಲ್ಲಿ ಬೆಂಚ್ ಮೇಲೆ ಕೂತರೂ ಕಲಿತ ಜಾವಾ ಮುಗಿದುಹೋಗುವುದಿಲ್ಲ. ಪೈಲಟ್ ಮನೆಯಲ್ಲಿ ಕೂತಿದ್ದರೂ ಕಾಗದಗಳ ಅವಧಿ ಮುಗಿಯುತ್ತಲೇ ಇರುತ್ತದೆ. ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಹಾರಾಟದ ಖರ್ಚು. ಕ್ಲಾಸ್ 1 ಮೆಡಿಕಲ್ ನಲವತ್ತರೊಳಗಿನವರಿಗೂ ವರ್ಷಕ್ಕೊಮ್ಮೆ. ಕರೆ ಬಂದ ದಿನ ಇವುಗಳಲ್ಲಿ ಒಂದು ಮುಗಿದಿದ್ದರೆ ಸರದಿ ಮುಂದಿನವನಿಗೆ. ಇನ್ನೊಂದೆಡೆ ಬ್ಯಾಂಕಿನ ಕಂತು ಶುರುವಾಗಿರುತ್ತದೆ.

ಮಗುವನ್ನು ಈ ದಾರಿಗೆ ಕಳಿಸುವ ಮನೆಯವರು ಲೆಕ್ಕ ಹಾಕುವಾಗ ತರಬೇತಿಯ ಹಣ ಒಂದನ್ನೇ ಹಾಕಬೇಡಿ. ಲೈಸೆನ್ಸ್ ಸಿಕ್ಕ ಮೇಲಿನ ಎರಡು ವರ್ಷದ ನವೀಕರಣ ಮತ್ತು ಕಂತಿನ ಹಣವನ್ನೂ ಸೇರಿಸಿ. ದುಡ್ಡು ಕೊಟ್ಟರೆ ಆಫರ್ ಲೆಟರ್ ಕೊಡಿಸುತ್ತೇವೆ ಎನ್ನುವವರಿಂದ ದೂರ ಇರಿ. ಕಾಯುವ ಕಾಲದಲ್ಲಿ ಬೋಧಕ ಅರ್ಹತೆ ಪಡೆದು ತರಬೇತಿ ಶಾಲೆಯಲ್ಲೇ ಕಲಿಸಿದರೆ ಹಾರಾಟದ ಗಂಟೆಗಳೂ ಏರುತ್ತವೆ. ನಮ್ಮ ಬೆಳಗಾವಿ, ಕಲಬುರ್ಗಿಯಲ್ಲೂ ಈಗ ಹಾರಾಟದ ಶಾಲೆಗಳಿವೆ. "ಲೈಸೆನ್ಸ್ ಬಂದ ಮೇಲೆ ಈತನಕ ಏನು ಮಾಡಿದಿರಿ?" ಎಂಬ ಪ್ರಶ್ನೆ ಮುಂದಿನ ಇಂಟರ್‌ವ್ಯೂದಲ್ಲಿ ಬರುತ್ತದೆ. ಅದಕ್ಕೆ ಉತ್ತರ ಈಗಲೇ ತಯಾರಾಗಬೇಕು.

ಮತ್ತೆ, ಫೋನ್ ಮಾಡಿದಾಗಲೆಲ್ಲ "ಏನಾಯ್ತು?" ಎಂದು ಕೇಳಬೇಡಿ. ಆದದ್ದು ಇದ್ದರೆ ಅವನೇ ಮೊದಲು ಹೇಳುತ್ತಾನೆ.

ಇದನ್ನು ಬರೆಯುವ ಹೊತ್ತಿಗೆ ಕಂಪನಿಯಿಂದ ಉತ್ತರ ಬಂದಿಲ್ಲ. ಹುಡುಗ ವಾರಕ್ಕೆ ಮೂರು ದಿನ ಬಾರಾಮತಿಗೆ ಹೋಗಿ ಕಿರಿಯರಿಗೆ ನ್ಯಾವಿಗೇಷನ್ ಪಾಠ ಹೇಳುತ್ತಾನೆ. ಮೆಡಿಕಲ್‌ಗೆ ಹೆಸರು ಕೊಟ್ಟಾಗಿದೆ. ರಿಟೈರ್ ಆಗುವ ಮೊದಲು ಸಾಲದ ಅರ್ಧವಾದರೂ ತೀರಿಸಬೇಕು ಎಂದು ಕಾಕಾ ರಾತ್ರಿ ಡ್ಯೂಟಿ ಬಿಟ್ಟಿಲ್ಲ.